ಬೀಗ ಬಿದ್ದ ಬೆಟ್ಟದ ಊರುಗಳು



ನೂರು ವರ್ಷ ಒಂದೇ ಊರಿನಲ್ಲಿ ಬಾಳಿದ ಸಮುದಾಯದ ಈ ಸಂಭ್ರಮದಲ್ಲಿ, ಊರೇ ಉಳಿಯದ ಕಡೆಯವರನ್ನೂ ನಾವು ನೆನೆಯುವುದು ಉಚಿತ.

ಹಿಮಾಲಯದ ಮಡಿಲಿನ ಉತ್ತರಾಖಂಡ ರಾಜ್ಯವು 2000ದಲ್ಲಿ ಉದಯಿಸಿದುದು ಬೆಟ್ಟದ ಜನರ ಏಳಿಗೆಗಾಗಿ. ಆದರೆ 2001ರಿಂದ 2011ರೊಳಗೆ, ಇಡೀ ರಾಜ್ಯದ ಜನಸಂಖ್ಯೆ ಏರಿದರೂ, ಪೌರಿ ಗಢವಾಲ ಜಿಲ್ಲೆಯದು 6,97,078ರಿಂದ 6,87,271ಕ್ಕೆ ಇಳಿಯಿತು. ಅಲ್ಮೋರಾ ಜಿಲ್ಲೆಯೂ ಕುಗ್ಗಿತು. 2011ರ ಜನಗಣತಿಯಲ್ಲಿ ಆ ರಾಜ್ಯದ ಸಾವಿರಕ್ಕೂ ಹೆಚ್ಚು ಗ್ರಾಮಗಳು ನಿರ್ಜನವೆಂದು ದಾಖಲಾದವು. ಆ ಬಳಿಕ ಬರಿದಾದ ಇನ್ನೂ 734 ಗ್ರಾಮಗಳನ್ನು ರಾಜ್ಯದ ವಲಸೆ ಆಯೋಗವು 2018ರ ವರದಿಯಲ್ಲಿ ಎಣಿಸಿತು. ಬಿಟ್ಟುಹೋದವರಲ್ಲಿ ಅರ್ಧದಷ್ಟು ಜನ ಹೊರಟುದು ದುಡಿಮೆಗಾಗಿ. ಉಳಿದ ಕಾರಣಗಳಲ್ಲಿ ಮಕ್ಕಳ ಶಿಕ್ಷಣ, ವೈದ್ಯಕೀಯ ನೆರವು ಮುಖ್ಯವಾದವು.

ಮೊದಲು ಮಗ ಪಟ್ಟಣಕ್ಕೆ ಇಳಿಯುತ್ತಾನೆ. ಮಕ್ಕಳ ಓದಿಗಾಗಿ ಸೊಸೆಯೂ ಹೊರಡುತ್ತಾಳೆ. ಮಕ್ಕಳಿಲ್ಲದೆ ಶಾಲೆ ಮುಚ್ಚುತ್ತದೆ. ಶಾಲೆ ಮುಚ್ಚಿತೆಂದು ನೆರೆಮನೆಯೂ ಖಾಲಿಯಾಗುತ್ತದೆ. ಮೆಟ್ಟಿಲುಗದ್ದೆಗಳು ಪಾಳುಬಿದ್ದು ಕಾಡುಹಂದಿ ಅಂಗಳಕ್ಕೆ ಬರುತ್ತದೆ. ಕೊನೆಗೆ, ಉಳಿದ ಮುದುಕಿ ಬಾಗಿಲಿಗೆ ಬೀಗ ಹಾಕುತ್ತಾಳೆ.

ಇದು ಕೇವಲ ದೂರದ ಮಾತಲ್ಲ. ಅದೇ ದಶಕದಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆಯೂ ಸುಮಾರು 3,000ದಷ್ಟು ಇಳಿಯಿತು.

ಹೊರಟವರನ್ನು ನಾವು ದೂರಲಾಗದು. ಬೆಟ್ಟದ ಚೆಲುವು ಹಸಿದ ಮನೆಗೆ ಅನ್ನವಾಗದು. ನಮ್ಮ ಮನೆಗಳಿಂದಲೂ ಮುಂಬಯಿಗೆ, ಕೊಲ್ಲಿ ನಾಡುಗಳಿಗೆ ಹೋದವರಿದ್ದಾರೆ. ಶಾಲೆ, ವೈದ್ಯರು, ದುಡಿಮೆ ಉಳಿದಲ್ಲಿ ಜನರು ಉಳಿದಾರು. ಅವಕ್ಕಾಗಿ ನಾವು ಒಗ್ಗಟ್ಟಿನಿಂದ ಕೇಳೋಣ. ಹೋಗುವವರನ್ನು ಹರಸಿ ಕಳುಹಿಸೋಣ. ಒಂಟಿಯಾಗಿ ಉಳಿದ ವೃದ್ಧರ ಬಾಗಿಲನ್ನು ವಾರಕ್ಕೊಮ್ಮೆಯಾದರೂ ನಾವೇ ಹೋಗಿ ತಟ್ಟೋಣ.