ಒಂದೇ ಉದ್ಯಮವನ್ನು ನಂಬಿದ ಊರು
(ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಊರಿಗೊಂದು ದೊಡ್ಡ ಗಿರಣಿ ಬಂದರೆ ನಿರುದ್ಯೋಗ ತೊಲಗುತ್ತದೆ ಎಂದು ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ಅದು ಅರ್ಧ ನಿಜ. ಗಿರಣಿ ಕೆಲಸವನ್ನು ಕೊಡುತ್ತದೆ. ಅದರ ಜೊತೆಗೇ ತನ್ನದೇ ಬಗೆಯ ನಿರುದ್ಯೋಗವನ್ನೂ ಹುಟ್ಟಿಸುತ್ತದೆ. ಇದನ್ನು ತಿಳಿಯಲು ಮುಂಬಯಿಯ ಬಟ್ಟೆ ಗಿರಣಿಗಳ ಕಥೆಗಿಂತ ಒಳ್ಳೆಯ ಪಾಠವಿಲ್ಲ.

ಮುಂಬಯಿಯ ಮೊದಲ ಹತ್ತಿ ಗಿರಣಿಯ ಕಂಪನಿ ಸ್ಥಾಪನೆಯಾದುದು 1854ರಲ್ಲಿ. ಮುಂದೆ ಲಾಲಬಾಗ್, ಪರೇಲ್, ವರಳಿಗಳ ಉದ್ದಕ್ಕೂ ಚಿಮಣಿಗಳು ಎದ್ದವು. ಆ ಪ್ರದೇಶಕ್ಕೆ ‘ಗಿರಣಗಾಂವ್’ ಎಂಬ ಹೆಸರೇ ಬಂದಿತು. 1982ರ ಹೊತ್ತಿಗೆ ಸುಮಾರು ಎರಡೂವರೆ ಲಕ್ಷ ಜನ ಅಲ್ಲಿ ದುಡಿಯುತ್ತಿದ್ದರು. ಕೊಂಕಣದಿಂದ, ಘಟ್ಟದ ಹಳ್ಳಿಗಳಿಂದ ಒಬ್ಬೊಬ್ಬರೇ ಬಂದ ಗಂಡಸರಿಗೆ ಅನ್ನ ಬೇಯಿಸಿ ಹಾಕುವ ಖಾನಾವಳಿಗಳನ್ನು ಹೆಂಗಸರು ನಡೆಸಿದರು. ಕಿರಾಣಿ ಅಂಗಡಿಗಳು ಪಗಾರದ ದಿನವನ್ನು ನೋಡಿಕೊಂಡು ಉದ್ದರಿ ಕೊಟ್ಟವು. ನಮ್ಮ ಕರಾವಳಿಯಿಂದ ಹೋದವರ ಹೋಟೆಲುಗಳಲ್ಲಿ ಪಾಳಿ ಬಿಟ್ಟ ಕಾರ್ಮಿಕರು ಚಹಾ ಕುಡಿದರು. ಗಿರಣಿಯ ಪಗಾರವೆಂದರೆ ಇಡೀ ಪೇಟೆಯ ಪಗಾರ.

ಆದರೆ ಆ ಒಳ್ಳೆಯ ದಿನಗಳಲ್ಲಿಯೂ ಗಿರಣಿಯ ಬಾಗಿಲಲ್ಲಿ ನಿರುದ್ಯೋಗ ನಿಂತೇ ಇತ್ತು. ಅದರ ಹೆಸರು ‘ಬದಲಿ’. ಬದಲಿ ಕಾರ್ಮಿಕನು ಪಾಳಿಯ ಹೊತ್ತಿಗೆ ಬಂದು ನಿಲ್ಲಬೇಕು. ಖಾಯಂ ಕೆಲಸಗಾರನು ಬಾರದಿದ್ದರೆ ಮಾತ್ರ ಅವನಿಗೆ ಆ ದಿನದ ಕೂಲಿ. ಇಲ್ಲವಾದರೆ ಬರಿಗೈಯಲ್ಲಿ ಮನೆಗೆ. ಲೆಕ್ಕದಲ್ಲಿ ಅವನು ಗಿರಣಿ ಕಾರ್ಮಿಕ, ಮನೆಯಲ್ಲಿ ಅರೆ ನಿರುದ್ಯೋಗಿ. ಬಾಗಿಲಲ್ಲಿ ಇಂಥವರು ಕಾದಿರುವಾಗ ಒಳಗಿರುವವನು ಹೆಚ್ಚು ಕೂಲಿ ಕೇಳಲು ಹಿಂಜರಿಯುತ್ತಾನೆ. ಮಾಲೀಕನಿಗೆ ಬೇಕಾದುದೂ ಅದೇ.

1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಸಾರ್ವತ್ರಿಕ ಮುಷ್ಕರ ಆರಂಭವಾಯಿತು. ಕೂಲಿ ಹೆಚ್ಚಬೇಕು, ಬದಲಿಗಳು ಖಾಯಂ ಆಗಬೇಕು, ತಮ್ಮ ಸಂಘವನ್ನು ಆರಿಸಿಕೊಳ್ಳುವ ಹಕ್ಕು ಬೇಕು ಎಂಬುದು ಬೇಡಿಕೆ. 1946ರ ಮುಂಬಯಿ ಕಾಯಿದೆಯ ಪ್ರಕಾರ ಮಾತುಕತೆಯ ಅಧಿಕಾರವಿದ್ದುದು ಒಂದೇ ಮಾನ್ಯತೆ ಪಡೆದ ಸಂಘಕ್ಕೆ. ಕಾರ್ಮಿಕರು ಆ ಸಂಘವನ್ನು ಕೈಬಿಟ್ಟಿದ್ದರೂ ಸರ್ಕಾರ ಅದನ್ನು ಕೈಬಿಡಲಿಲ್ಲ. ಮಾಲೀಕರೋ, ಭಿವಂಡಿಯ ವಿದ್ಯುತ್ ಮಗ್ಗಗಳಲ್ಲಿ ಬಟ್ಟೆ ನೇಯಿಸಿ ತಮ್ಮ ಮುದ್ರೆ ಒತ್ತಿ ಮಾರಿದರು. ಮುಷ್ಕರ ವರ್ಷ ದಾಟಿತು. ಅದನ್ನು ವಿಧಿಪೂರ್ವಕವಾಗಿ ಹಿಂತೆಗೆದುಕೊಂಡದ್ದೇ ಇಲ್ಲ. ಒಂದು ಲಕ್ಷಕ್ಕೂ ಮೇಲ್ಪಟ್ಟು ಜನ ಕೆಲಸ ಕಳೆದುಕೊಂಡರು.

ಮುಷ್ಕರವೇ ಗಿರಣಿಗಳನ್ನು ಕೊಂದಿತು ಎಂದು ಹೇಳುವವರಿದ್ದಾರೆ. ಮುಷ್ಕರದಿಂದ ಪೆಟ್ಟು ಬಿದ್ದುದು ಸುಳ್ಳಲ್ಲ. ಆದರೆ ಅದಕ್ಕೂ ಮೊದಲೇ ಎಷ್ಟೋ ಗಿರಣಿಗಳ ಯಂತ್ರಗಳು ಹಳತಾಗಿದ್ದವು. ಅಲ್ಲಿ ಬಂದ ಲಾಭ ಅಲ್ಲಿಯೇ ಹೂಡಿಕೆಯಾಗಲಿಲ್ಲ. ಸಂಘವಿಲ್ಲದ, ಕಾನೂನಿನ ಕಣ್ಣಿಗೆ ಬೀಳದ ಮಗ್ಗಗಳಲ್ಲಿ ಅಗ್ಗದ ಕೂಲಿಗೆ ನೇಯಿಸುವ ದಾರಿ ಆಗಲೇ ತೆರೆದಿತ್ತು. ಮುಷ್ಕರ ಆ ದಾರಿಯನ್ನು ಅಗಲ ಮಾಡಿತು, ಅಷ್ಟೇ.

ಕೆಲಸ ಹೋದವರು ಬೇರೆ ಕೆಲಸ ಹುಡುಕಬಾರದಿತ್ತೆ? ಹುಡುಕಿದರು. ಆದರೆ ಇಪ್ಪತ್ತು ವರ್ಷ ಮಗ್ಗದ ಮುಂದೆ ನಿಂತು ಕಲಿತ ಕಸುಬಿಗೆ ಕೊಳ್ಳುವವರು ಗಿರಣಿಗಳು ಮಾತ್ರ. ಒಂದು ಗಿರಣಿ ಮುಚ್ಚಿದರೆ ಪಕ್ಕದ ಗಿರಣಿ ಇದೆ. ಎಲ್ಲವೂ ಒಟ್ಟಿಗೆ ಕುಸಿದರೆ ಹೋಗುವುದೆಲ್ಲಿಗೆ? ಕೆಲವರು ತಳ್ಳುಗಾಡಿಯಲ್ಲಿ ತರಕಾರಿ ಮಾರಿದರು, ಕೆಲವರು ಕಾವಲುಗಾರರಾದರು, ಕೆಲವರು ಊರಿಗೆ ಮರಳಿದರು. ಊರಿಗೆ ಹೋದವನು ನಗರದ ಲೆಕ್ಕದಿಂದ ಮಾಯವಾದ; ಗಾಡಿ ತಳ್ಳುವವನು ‘ಸ್ವಂತ ಉದ್ಯೋಗಿ’ ಎನಿಸಿಕೊಂಡ. ನಿರುದ್ಯೋಗ ಕಾಗದದಲ್ಲಿ ಕರಗಿತು, ಒಲೆಯ ಮುಂದೆ ಕರಗಲಿಲ್ಲ.

ವರ್ತಕ ಮಿತ್ರರೇ, ಇಲ್ಲಿ ನಿಮ್ಮ ಮಾತೂ ಇದೆ. ಕಾರ್ಮಿಕನ ಪಗಾರ ನಿಂತ ತಿಂಗಳೇ ಖಾನಾವಳಿಯ ಬಾಕಿ ಬೆಳೆಯುತ್ತದೆ, ಅಂಗಡಿಯ ಉದ್ದರಿ ಪುಸ್ತಕ ದಪ್ಪವಾಗುತ್ತದೆ. ಗಿರಣಿಯ ಜಗಳ ಗಿರಣಿಯವರಿಗೆ ಎಂದು ಬಾಗಿಲೆಳೆದುಕೊಳ್ಳುವ ವರ್ತಕನು ತನ್ನ ಗಿರಾಕಿಯನ್ನೇ ಹೊರಗೆ ಬಿಟ್ಟಿರುತ್ತಾನೆ.

ಮುಂಬಯಿ ನಗರವೇನೋ ಬಡವಾಗಲಿಲ್ಲ. ಗಿರಣಿಗಳ ಕೆಳಗಿದ್ದ ಸುಮಾರು 600 ಎಕರೆ ಜಮೀನು ಚಿನ್ನವಾಯಿತು. ಅಂಥ ಜಮೀನನ್ನು ಹೊಸದಾಗಿ ಬಳಸುವಾಗ ಮೂರರಲ್ಲೊಂದು ಪಾಲು ಸಾರ್ವಜನಿಕ ಬಯಲಿಗೆ, ಒಂದು ಪಾಲು ಬಡವರ ವಸತಿಗೆ, ಒಂದು ಪಾಲು ಮಾಲೀಕರಿಗೆ ಎಂಬುದು 1991ರ ನಿಯಮದ ಆಶಯ. 2001ರ ತಿದ್ದುಪಡಿ ಆ ಪಾಲನ್ನು ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಕಟ್ಟಿಹಾಕಿತು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಫೀನಿಕ್ಸ್ ಗಿರಣಿಯ ಜಾಗದಲ್ಲಿ ಇಂದು ಮಾಲ್ ಇದೆ. ಹೊಸ ಕೆಲಸಗಳು ಬಂದವು ನಿಜ, ಆದರೆ ನೇಯುತ್ತಿದ್ದವನಿಗೆ ಅಲ್ಲ.

ಇದು ಮುಂಬಯಿಯ ಕಥೆ ಮಾತ್ರವಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲೂ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದವು.

ಆದುದರಿಂದ ನಾವು ಕೇಳಬೇಕಾದುದು ಮೂರು. ಊರಿನ ಅನ್ನ ಒಂದೇ ಒಲೆಯ ಮೇಲೆ ಬೇಯಬಾರದು: ಗಿರಣಿ ನಡೆಯುತ್ತಿರುವಾಗಲೇ ಬೇರೆ ಉದ್ಯೋಗಗಳೂ ಬೇರೆ ಕಸುಬಿನ ಶಿಕ್ಷಣವೂ ಬರಬೇಕು. ಬದಲಿ ಇರಲಿ, ಇಂದಿನ ಗುತ್ತಿಗೆ ಇರಲಿ, ವರ್ಷವಿಡೀ ದುಡಿಸಿಕೊಂಡವನು ಖಾಯಂ ಆಗಬೇಕು. ಗಿರಣಿ ಮುಚ್ಚುವುದಾದರೆ ಜಮೀನಿನ ಹಣದ ಮೇಲೆ ಮೊದಲ ಹಕ್ಕು ಕಾರ್ಮಿಕರ ಬಾಕಿಗೂ ಅವರ ವಸತಿಗೂ ಇರಬೇಕು.

ಚಿಮಣಿಯ ಹೊಗೆ ನಿಂತ ಮೇಲೆ ಸಭೆ ಸೇರಿ ಫಲವಿಲ್ಲ. ಹೊಗೆ ಏಳುತ್ತಿರುವಾಗಲೇ ಕಾರ್ಮಿಕರೂ ವರ್ತಕರೂ ಒಂದಾಗಿ ಈ ಮೂರನ್ನು ಬರೆಸಿಕೊಳ್ಳಬೇಕು.