ಅಮ್ಮನ ಮೈಬಣ್ಣ ಟ್ಯೂಬಿನಲ್ಲಿ ಸಿಗಲ್ಲ

ಇವತ್ತು ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ. ತೈಲವರ್ಣದಲ್ಲಿ ನಾನು ಬರೆದ ಮೊದಲ ಭಾವಚಿತ್ರ ಅಮ್ಮನದು. ಅಂಗಡಿಯಿಂದ 'ಫ್ಲೆಶ್ ಟಿಂಟ್' ಅನ್ನೋ ಟ್ಯೂಬ್ ತಂದು, ಚೂರು ಕಂದು ಬೆರೆಸಿ ಬಳಿದೆ. ಅಮ್ಮ ನೋಡಿ, "ಚೆನ್ನಾಗಿದೆ ಕಣೋ, ಯಾರಿದು?" ಅಂದ್ರು.

ಆ ಟ್ಯೂಬಿನಲ್ಲಿದ್ದದ್ದು ತಿಳಿಗುಲಾಬಿ. ನಮ್ಮ ಮನೆಯಲ್ಲಿ ಯಾರ ಚರ್ಮವೂ ಹಾಗಿಲ್ಲ. ಅಮೆರಿಕದ ಕ್ರೇಯೋಲಾ ಕಂಪನಿ 'ಫ್ಲೆಶ್' ಅನ್ನೋ ಕ್ರೇಯಾನಿನ ಹೆಸರನ್ನು 1962ರಲ್ಲೇ 'ಪೀಚ್' ಅಂತ ಬದಲಿಸಿತ್ತು. ನಾನು ಮಾತ್ರ ಟ್ಯೂಬಿನ ಮೇಲಿನ ಹೆಸರನ್ನೇ ನಂಬಿದ್ದೆ.

ಎರಡನೇ ಸಲ ಅಮ್ಮನನ್ನು ಕಿಟಕಿ ಪಕ್ಕ ಕೂರಿಸಿದೆ. ಮೊದಲು ನಡುಬಣ್ಣ: ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್, ಚಿಟಿಕೆಯಷ್ಟು ಅಲ್ಟ್ರಾಮರೀನ್ ನೀಲಿ. ಅದನ್ನು ಚಾಕುವಿನ ತುದಿಯಲ್ಲಿ ತೆಗೆದು ಅಮ್ಮನ ಕೆನ್ನೆ ಪಕ್ಕ ಹಿಡಿದು ನೋಡಿದೆ. ಹೊಂದೋವರೆಗೂ ಬೆರೆಸಿದೆ. ತಿಳಿ ಮಾಡೋಕೆ ಬರೀ ಬಿಳಿ ಹಾಕಬೇಡಿ, ಚರ್ಮ ಸುಣ್ಣ ಬಳಿದ ಹಾಗಾಗುತ್ತೆ. ಜೊತೆಗೆ ಸ್ವಲ್ಪ ಓಕರ್ ಇರಲಿ.

ನೆರಳಿಗೆ ನಾನು ಕಪ್ಪು ಟ್ಯೂಬ್ ಮುಟ್ಟಲ್ಲ. ಬರ್ನ್ಟ್ ಅಂಬರ್ ಮತ್ತು ಅಲ್ಟ್ರಾಮರೀನ್ ಬೆರೆಸಿದರೆ ಜೀವ ಇರೋ ಕಪ್ಪು ಸಿಗುತ್ತೆ. ಇನ್ನು ಮುಖ ಅಂದ್ರೆ ಒಂದೇ ಬಣ್ಣ ಅಲ್ಲ. ಅಮ್ಮನ ಹಣೆಯಲ್ಲಿ ಹಳದಿ ಛಾಯೆ, ಮೂಗು, ಕಿವಿ, ಕೆನ್ನೆಯಲ್ಲಿ ಕೆಂಪು, ದವಡೆ ಹತ್ತಿರ ತುಸು ತಣ್ಣನೆಯ ಬಣ್ಣ. ಕಿಟಕಿಯಿಂದ ಬರೋದು ಆಕಾಶದ ಬೆಳಕು, ಹಾಗಾಗಿ ಹಣೆಯ ಹೊಳಪಿನಲ್ಲಿ ನೀಲಿ ಇಣುಕುತ್ತೆ. ಕಂದು ಚರ್ಮದ ಮೇಲೆ ಅದು ಎದ್ದು ಕಾಣುತ್ತೆ.

ಮೊದಲ ಪದರ ಟರ್ಪೆಂಟೈನ್ ಹಾಕಿ ತೆಳುವಾಗಿರಲಿ, ಮೇಲಿನ ಪದರಗಳಲ್ಲಿ ಎಣ್ಣೆ ಹೆಚ್ಚಿರಲಿ. ಉಲ್ಟಾ ಮಾಡಿದರೆ ಮುಂದೆ ಬಣ್ಣ ಬಿರುಕು ಬಿಡಬಹುದು. ಎಣ್ಣೆ ನೀರಿನ ಹಾಗೆ ಆವಿಯಾಗಿ ಒಣಗಲ್ಲ, ಗಾಳಿಯ ಆಮ್ಲಜನಕ ಹೀರಿ ನಿಧಾನಕ್ಕೆ ಗಟ್ಟಿಯಾಗುತ್ತೆ. ಅದಕ್ಕೇ ತಿದ್ದೋಕೆ ಸಮಯ ಸಿಗುತ್ತೆ.

ಚಿತ್ರ ಮುಗೀತು. ಅಮ್ಮ ತುಂಬ ಹೊತ್ತು ನೋಡಿದ್ರು. "ಇದು ನಾನೇ. ಆದ್ರೆ ಸ್ವಲ್ಪ ಬೆಳ್ಳಗೆ ಮಾಡಬಹುದಿತ್ತಲ್ವಾ?" ಅಂದ್ರು.

ನನಗೆ ಮಾತೇ ಹೊರಡಲಿಲ್ಲ. ಮೊದಲ ಚಿತ್ರದಲ್ಲಿ ತಪ್ಪಿದ್ದು ಟ್ಯೂಬೊಂದೇ ಅಲ್ಲ ಅಂತ ಆಗ ಗೊತ್ತಾಯ್ತು. ಬೆಳ್ಳಗಿದ್ರೇ ಚೆಂದ ಅನ್ನೋದನ್ನ ನಾವಿಬ್ಬರೂ ಎಲ್ಲೋ ಕಲಿತಿದ್ವಿ.

ಚಿತ್ರ ತಿದ್ದಲಿಲ್ಲ. ಈಗ ಅದು ಹಾಲ್‌ನಲ್ಲಿದೆ. ಬಂದವರು "ಥೇಟ್ ನೀವೇ" ಅಂದ್ರೆ ಅಮ್ಮ ನಗ್ತಾರೆ.

ಈ ವಾರ ನಿಮ್ಮ ಕೈಯನ್ನೇ ಕಿಟಕಿ ಹತ್ತಿರ ಹಿಡಿದು ನೋಡಿ. ಎಷ್ಟು ಬಣ್ಣ ಇದೆ ಎಣಿಸಿ. ಮತ್ತೆ ಸಿಗೋಣ.