ಗಡಿಗೆ ತುಂಬುವವರು ಯಾರು?

ಬೇಸಿಗೆಯಲ್ಲಿ ದಾರಿಹೋಕರಿಗಾಗಿ ಅರವಟಿಗೆ ಇಡಿಸುವುದು ನಮ್ಮ ನಾಡಿನ ಹಳೆಯ ಪದ್ಧತಿ. ಚಪ್ಪರ ಹಾಕಿ ಗಡಿಗೆ ಇಟ್ಟ ಮಾತ್ರಕ್ಕೆ ಆ ಧರ್ಮಕಾರ್ಯ ಮುಗಿಯುವುದಿಲ್ಲ. ದಿನವೂ ಗಡಿಗೆಯನ್ನು ತೊಳೆದು ನೀರು ತುಂಬುವವರೊಬ್ಬರು ಬೇಕು. ಬ್ರಿಟನ್ನಿನಲ್ಲಿ ನಡೆದಿರುವ ಒಂದು ಹೊಸ ಬಗೆಯ ದಾನದ ಸಂಗತಿಯನ್ನು ಓದಿದಾಗ ನನಗೆ ಈ ಅರವಟಿಗೆಯೇ ನೆನಪಾಯಿತು. ಅಲ್ಲಿ ಊರಿನ ಸಂಘಗಳಿಗೂ ಸೇವಾಸಂಸ್ಥೆಗಳಿಗೂ ಉಚಿತವಾಗಿ ದೊರೆಯುತ್ತಿರುವುದು ಡಿಫಿಬ್ರಿಲೇಟರ್ ಎಂಬ ಜೀವರಕ್ಷಕ ಯಂತ್ರ.

ಶ್ರೋತೃಗಳೇ, ಹೃದಯಾಘಾತ ಬೇರೆ, ಹೃದಯಸ್ತಂಭನ ಬೇರೆ. ರಕ್ತನಾಳ ಕಟ್ಟಿಕೊಂಡು ಹೃದಯದ ಸ್ನಾಯುವಿಗೆ ರಕ್ತ ದೊರೆಯದಿರುವುದು ಆಘಾತ; ರೋಗಿಗೆ ಆಗ ಸಾಮಾನ್ಯವಾಗಿ ಎಚ್ಚರವಿರುತ್ತದೆ. ಹೃದಯವು ರಕ್ತವನ್ನು ನೂಕುವುದನ್ನೇ ನಿಲ್ಲಿಸಿ ಮನುಷ್ಯ ಕುಸಿದುಬೀಳುವುದು ಸ್ತಂಭನ. ಅನೇಕ ವೇಳೆ ಆಗಲೂ ಹೃದಯ ತಾಳತಪ್ಪಿ ಕಂಪಿಸುತ್ತಿರುತ್ತದೆ. ಯಂತ್ರವು ಕೊಡುವ ವಿದ್ಯುತ್ತಿನ ಪೆಟ್ಟು ಆ ಕಂಪನವನ್ನು ಅಡಗಿಸಿದರೆ ಸಹಜವಾದ ಬಡಿತ ಮರಳಬಹುದು. ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಂಭವ ನೂರಕ್ಕೆ 7ರಿಂದ 10ರಷ್ಟು ಕುಗ್ಗುತ್ತದೆ. ಆದ್ದರಿಂದಲೇ ಯಂತ್ರವು ಆಸ್ಪತ್ರೆಯಲ್ಲಿದ್ದರೆ ಸಾಲದು, ಬೀದಿಯಲ್ಲಿಯೂ ಇರಬೇಕು.

1965ರಲ್ಲಿ ಬೆಲ್‌ಫಾಸ್ಟ್ ನಗರದ ವೈದ್ಯ ಫ್ರಾಂಕ್ ಪ್ಯಾಂಟ್ರಿಜ್ ಅವರು ಈ ಯಂತ್ರವನ್ನು ಆಂಬುಲೆನ್ಸಿನಲ್ಲಿ ರೋಗಿಯ ಬಳಿಗೇ ಒಯ್ದರು. ಅದರ ತೂಕ ಸುಮಾರು 70 ಕಿಲೋ! ಇಂದಿನದು ಕೈಚೀಲದಷ್ಟು. ಏನು ಮಾಡಬೇಕೆಂಬುದನ್ನು ಅದೇ ಬಾಯಿಬಿಟ್ಟು ಹೇಳುತ್ತದೆ. ಬಡಿತವನ್ನು ಪರೀಕ್ಷಿಸಿ, ಅಗತ್ಯವಿದ್ದರಷ್ಟೇ ಪೆಟ್ಟು ಕೊಡಗೊಡುತ್ತದೆ. ಓದುಬರಹ ಬಾರದವರೂ ಬಳಸಬಹುದು.

ಬ್ರಿಟಿಷ್ ಹಾರ್ಟ್ ಫೌಂಡೇಶನ್ ಎಂಬ ಸಂಸ್ಥೆ, ಯಂತ್ರಗಳ ಅಭಾವ ಹೆಚ್ಚಾಗಿರುವ ಊರುಗಳ ಸಂಘಗಳಿಂದ ಅರ್ಜಿ ಪಡೆದು ಅವನ್ನು ಉಚಿತವಾಗಿ ಕೊಡುತ್ತ ಬಂದಿದೆ. ಬಳಕೆತಪ್ಪಿದ ಕೆಂಪು ಟೆಲಿಫೋನ್ ಗೂಡುಗಳನ್ನು ಅಲ್ಲಿನ ದೂರವಾಣಿ ಕಂಪನಿ 2008ರಿಂದ ಒಂದು ಪೌಂಡಿಗೆ ಊರಿನವರಿಗೆ ಮಾರತೊಡಗಿತು. ಅಂಥ ಎಷ್ಟೋ ಗೂಡುಗಳಲ್ಲಿ ಈಗ ಈ ಯಂತ್ರವಿದೆ. ಆದರೆ ನನ್ನ ಮನಸ್ಸನ್ನು ಸೆಳೆದದ್ದು ದಾನವಲ್ಲ, ಅದಕ್ಕೆ ಹೊಂದಿದ ಕಟ್ಟುಪಾಡು. ಯಂತ್ರವನ್ನು ರಾಷ್ಟ್ರದ ಪಟ್ಟಿಯೊಂದರಲ್ಲಿ ನೋಂದಾಯಿಸಬೇಕು. ತುರ್ತುಕರೆ ಸ್ವೀಕರಿಸಿದವರು ಆ ಪಟ್ಟಿಯನ್ನು ನೋಡಿ ಹತ್ತಿರದ ಯಂತ್ರವೆಲ್ಲಿದೆಯೆಂದು ಹೇಳಬಲ್ಲರು. ಒಬ್ಬ ಪಾಲಕನು ಅದನ್ನು ಆಗಾಗ ನೋಡಿಕೊಳ್ಳಬೇಕು. ಏಕೆಂದರೆ ಬ್ಯಾಟರಿ ಸೋಲುತ್ತದೆ, ಎದೆಗೆ ಅಂಟಿಸುವ ಪಟ್ಟಿಗಳ ಲೇಪ ಒಣಗುತ್ತದೆ.

ಹಿಂದೆ ನಾನು ಕೆಲಸಮಾಡುತ್ತಿದ್ದ ಶಾಲೆಯೊಂದಕ್ಕೆ ದಾನಿಯೊಬ್ಬರು ಪ್ರಥಮಚಿಕಿತ್ಸೆಯ ಪೆಟ್ಟಿಗೆ ಕೊಟ್ಟಿದ್ದರು. ಒಂದು ದಿನ ಹುಡುಗನೊಬ್ಬ ಬಿದ್ದು ಹಣೆ ಒಡೆದುಕೊಂಡ. ಬೀರುವಿನ ಬೀಗದ ಕೈ ರಜೆಯಲ್ಲಿದ್ದ ಗುಮಾಸ್ತರ ಜೇಬಿನಲ್ಲಿತ್ತು. ಬೀಗ ಒಡೆದು ನೋಡಿದರೆ ಸೀಸೆಯಲ್ಲಿ ಔಷಧ ಒಣಗಿಹೋಗಿತ್ತು. ಹುಡುಗನಿಗೆ ಅಪಾಯವಾಗಲಿಲ್ಲ; ಆದರೆ ಆ ಪೆಟ್ಟಿಗೆಯ ಮೇಲೆ ದಾನಿಯ ಹೆಸರು ಮಾತ್ರ ಥಳಥಳಿಸುತ್ತಿದ್ದುದನ್ನು ನಾನು ಮರೆತಿಲ್ಲ. ದಿನವೂ ಆ ಬೀರುವಿನ ಮುಂದೆ ಹಾದುಹೋಗುತ್ತಿದ್ದ ನಾನೂ ಒಮ್ಮೆಯೂ ವಿಚಾರಿಸಿರಲಿಲ್ಲ.

ನಮ್ಮ ಸರ್ಕಾರವೂ 2023ರ ಆಯವ್ಯಯದಲ್ಲಿ, ಅಕಾಲದಲ್ಲಿ ಅಗಲಿದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಈ ಯಂತ್ರಗಳಿಗಾಗಿ ಹಣವಿರಿಸಿತು. ನಾಳೆ ನಿಮ್ಮ ಬಡಾವಣೆಯ ಸಂಘಕ್ಕೋ ಕಲ್ಯಾಣಮಂಟಪಕ್ಕೋ ಯಾರಾದರೂ ಒಂದನ್ನು ದಾನವಾಗಿ ಕೊಟ್ಟಾರು. ಹಾರ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ: ನಡುರಾತ್ರಿಯಲ್ಲೂ ಇದು ಕೈಗೆ ಸಿಕ್ಕುವುದೆ? ಇದು ಇಲ್ಲಿದೆಯೆಂದು ನೆರೆಹೊರೆಗೆ ಗೊತ್ತೆ? ತಿಂಗಳಿಗೊಮ್ಮೆ ನೋಡುವವರು ಯಾರು?

ಯಂತ್ರ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಕುಸಿದವರು ಮಾತಿಗೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಿ. ಇದನ್ನು ಕಲಿಯಲು ಯಾವ ದಾನಿಯೂ ಬೇಕಿಲ್ಲ. ಗಡಿಗೆಯನ್ನು ಯಾರಾದರೂ ಕೊಟ್ಟಾರು. ನೀರು ತುಂಬುವ ಕೈ ನಮ್ಮದೇ ಆಗಬೇಕು.